ಮೂಕಪ್ಪ ಮಾಸ್ಟರ್ ನೆನೆಸಿದ ನೆಲ

“ಮೂರು ಲಕ್ಷ ಪ್ಯಾಂಟು ಕತ್ತರಿಸಿದ ಕೈ ಇದು! ಹತ್ತಡಿ ಹನ್ನೆರಡಡಿ ಕೋಣಿಗೆ ಇನ್ನೊಬ್ಬ ಬಂದು ಅಳತಿ ತಗೀಬೇಕೇನು?”

ಮೂಕಪ್ಪ ಮಾಸ್ಟರ್ ಹೀಗೆಂದು ಘೋಷಿಸಿದಾಗ ಅವನ ಬಲಗೈಯ ಎರಡು ಬೆರಳು ಕತ್ತರಿಯಂತೆ ಬಿಚ್ಚಿಕೊಂಡು ಗಾಳಿಯನ್ನು ಕಚಕ್ಕನೆ ಕತ್ತರಿಸಿದವು. ಗಾಳಿಗೇನೂ ಆಗಲಿಲ್ಲ. ಆಗಬಾರದ್ದೆಲ್ಲ ಆದದ್ದು ಆಮೇಲೆ.

ಹೆಸರು ಮೂಕಪ್ಪ. ತೊಟ್ಟಿಲಲ್ಲಿ ಹೆಸರಿಟ್ಟವರು ಸ್ವಲ್ಪ ಆತುರಪಟ್ಟರು ಎಂದು ರಾಯದುರ್ಗದ ಓಣಿಯವರೆಲ್ಲ ಹೇಳುತ್ತಿದ್ದರು. ಮಾಸ್ಟರ್ ಬಾಯಿ ತೆರೆದರೆ ಇಪ್ಪತ್ತು ಹೊಲಿಗೆ ಮಿಷನ್ನುಗಳ ಸದ್ದೂ ನಾಚಿ ತಗ್ಗುತ್ತಿತ್ತು! ಗುಮ್ಮಗಟ್ಟದ ಕಡೆಯ ಕುರಿಯವರ ಮನೆಯಲ್ಲಿ ಹುಟ್ಟಿದವನು. ಗುರುವಿಲ್ಲ, ಶಾಲೆ ಮೂರನೆಯ ಕ್ಲಾಸಿಗೇ ಮುಗಿದಿತ್ತು. ಮೊದಲು ಕತ್ತರಿ ಹಿಡಿದದ್ದು ಕುರಿಯ ಉಣ್ಣೆ ಕತ್ತರಿಸಲು. “ಒದ್ದಾಡೋ ಕುರೀನ ಚರ್ಮ ತಾಕದಂಗ ಕತ್ತರಿಸಿದವ್ನಿಗೆ, ಟೇಬಲ್ ಮ್ಯಾಲ ಸುಮ್ಕ ಬಿದ್ದಿರೋ ಬಟ್ಟಿ ಏನು ಮಹಾ?” ಎಂದುಕೊಂಡು ಬಳ್ಳಾರಿಗೆ ಹೋಗಿ, ಜೀನ್ಸ್ ಕತ್ತರಿಸುವವರ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಕಲಿತು, ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಕಟಿಂಗ್ ಮಾಸ್ಟರಾಗಿ ಮರಳಿದ. ಹೊಲ ಬಿಟ್ಟವರು, ಕುರಿ ಮಾರಿದವರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬಸ್ಸು ಹತ್ತುತ್ತಿದ್ದ ಆ ವರ್ಷಗಳಲ್ಲಿ ಮಾಸ್ಟರ್ ಮಾತ್ರ ಊರಲ್ಲೇ ನಿಂತ. ಸುಮ್ಮನೆ ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ನಿಂತ! ಕಟಿಂಗ್ ಟೇಬಲ್ಲಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಇಪ್ಪತ್ತೆರಡು ವರ್ಷ ಹಾಗೆ ನಿಂತ.

ಅವನ ಹೆಂಡತಿ ಹಂಪಕ್ಕ ಅಷ್ಟೇ ವರ್ಷ ಕೂತಳು.

ಹೊಲಿದ ಪ್ಯಾಂಟಿನಲ್ಲಿ ಅಲ್ಲಲ್ಲಿ ದಾರದ ತುದಿಗಳು ಉಳಿದಿರುತ್ತವೆ. ಅವನ್ನು ಸಣ್ಣ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ ತೆಗೆಯುವುದು ಹೆಂಗಸರ ಕೆಲಸ. ಯೂನಿಟ್ಟಿನಿಂದ ಪ್ಯಾಂಟಿನ ಗಂಟು ಮನೆಗೆ ಬರುತ್ತದೆ, ಸಂಜೆಗೆ ಹೋಗುತ್ತದೆ. ಹಂಪಕ್ಕ ಕಡಪ ಬಂಡೆ ಹಾಸಿದ ಕೋಣೆಯಲ್ಲಿ, ಎದುರಿಗೆ ಚೌಡಕ್ಕ, ಪಕ್ಕಕ್ಕೆ ಚಿನ್ನಕ್ಕ, ನಡುವೆ ಗುಡ್ಡದಷ್ಟು ಪ್ಯಾಂಟು ಇಟ್ಟುಕೊಂಡು ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಮಾರ್ಗಶಿರದ ಚಳಿಗೆ ಆ ಕರಿಬಂಡೆ ಕೊರೆಯುತ್ತದೆ. ಏಳುವಾಗ ಗೋಡೆಯೋ, ಗೋಣಿಚೀಲವೋ, ಚೌಡಕ್ಕನ ಭುಜವೋ, ಕೈಗೆ ಸಿಕ್ಕಿದ್ದನ್ನು ಹಿಡಿದು “ಅಯ್ಯಪ್ಪಾ” ಎಂದೇ ಏಳಬೇಕು. ಆಸ್ಪತ್ರೆಯ ಡಾಕ್ಟರಮ್ಮ ಮೊಣಕಾಲು ಒತ್ತಿ ನೋಡಿ, ತಣ್ಣನೆಯ ಕಲ್ಲಿನ ಮೇಲೆ ಇನ್ನು ಕೂರಬೇಡ ಎಂದು ಹೇಳಿ ಎರಡು ಚಳಿಗಾಲ ಕಳೆದಿತ್ತು. ಕುರ್ಚಿಯ ಮೇಲೆ ಕೂತರೆ ಪ್ಯಾಂಟಿನ ರಾಶಿ ಎಟುಕದು. ಕಂಬಳಿ ಹಾಸಿದರೆ ದಾರದ ಚೂರೆಲ್ಲ ಉಣ್ಣೆಗೆ ಮೆತ್ತಿಕೊಂಡು ಬಿಡಿಸಲು ಬಾರದು. ಚಾಪೆಯ ಸಂದಿಯಲ್ಲಂತೂ ಚಳಿ ಇನ್ನಷ್ಟು ಹುರುಪಿನಿಂದ ಮೇಲೆ ಬರುತ್ತದೆ.

ಹೀಗಿರುವಾಗ ಬಳ್ಳಾರಿಯ ಸೀರೆ ಅಂಗಡಿಯೊಂದರಲ್ಲಿ ಹಂಪಕ್ಕ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಕಾಲು ತಣ್ಣಗಾಗಲಿಲ್ಲ! ಬಗ್ಗಿ ನೋಡಿದರೆ ಮರದ ನೆಲ. ಅಂಗಡಿಯವನು ಸೀರೆ ಬಿಚ್ಚಿ ಬಿಚ್ಚಿ ಗುಡ್ಡೆ ಹಾಕುತ್ತಿದ್ದರೆ ಇವಳು ನೆಲ ಸವರುತ್ತಿದ್ದಳು. ಭೈರವಾನಿತಿಪ್ಪದ ತವರುಮನೆಯ ಜಗಲಿಯಲ್ಲಿ ಅವಳ ಅಪ್ಪ ಬೇವಿನ ಹಲಗೆಯೊಂದನ್ನು ಹಾಕಿದ್ದ. ಹಗಲೆಲ್ಲ ಬಿಸಿಲುಂಡು ಸಂಜೆಗೆ ಬೆಚ್ಚಗಿರುತ್ತಿತ್ತು. ಅದರ ಮೇಲೆ ಕೂತು ಕಾಲು ಚಾಚಿದ ಸುಖವನ್ನು ಹಂಪಕ್ಕನ ಮೊಣಕಾಲು ಮರೆತಿರಲಿಲ್ಲ.

ಮನೆಗೆ ಬಂದು ಹೇಳಿದಳು. “ಏನ್ರಿ, ದಾರ ಕತ್ತರಿಸಿದ ರೊಕ್ಕ ಆರು ವರ್ಷದ್ದು ಕೂಡಿಸಿಟ್ಟೀನಿ. ಬಂಗಾರ ಬ್ಯಾಡ ನಂಗ. ನಾ ಕುಂದ್ರೋ ಕೋಣಿಗೆ ಮರದ ನೆಲ ಹಾಕ್ಸೂಣು.”

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಮಾಸ್ಟರ್ ಕೂತಲ್ಲಿಂದ ಎದ್ದು ನಿಂತ. ನಿಂತಕೂಡಲೇ ಬಾಯಿಂದ ಹೊರಬಂದದ್ದು ಮೇಲೆ ಹೇಳಿದ ಘೋಷಣೆ.

ಮರುವಾರ ಗಂಡ ಹೆಂಡತಿ ಬಳ್ಳಾರಿಯಲ್ಲಿ ಇಂಥ ನೆಲದ ಹಲಗೆ ಮಾರುವ ಅಂಗಡಿಗೆ ಹೋದರು. ಅಂಗಡಿಯ ಪಂಚಾಕ್ಷರಯ್ಯ ಹಣೆ ತುಂಬ ವಿಭೂತಿ, ಬಾಯಿ ತುಂಬ ಸಮಾಧಾನ ಇಟ್ಟುಕೊಂಡ ಮನುಷ್ಯ. ಗೋಡೆಯ ಉದ್ದಕ್ಕೂ ಹಲಗೆಗಳ ಮಾದರಿ ತುಂಡು ನಿಲ್ಲಿಸಿದ್ದ. ತೇಗ, ಬೀಟೆ, ಹೆಸರು ತಿಳಿಯದ ಪರದೇಶದ ಮರಗಳು.

“ಇದು ಪೂರಾ ಮರ ಅಲ್ರಿ,” ಎಂದು ಪಂಚಾಕ್ಷರಯ್ಯ ಮೊದಲೇ ನಿಜ ಹೇಳಿದ. “ಮರದ ಪುಡಿ ಒತ್ತಿ ಮಾಡಿದ್ದು. ಮ್ಯಾಲ ಮರದ ಚಿತ್ರದ ಪದರ. ಲ್ಯಾಮಿನೇಟ್ ಅಂತಾರ. ನೋಡಾಕ ಮರ, ಕಾಲಿಗೆ ಬೆಚ್ಚಗ.”

ಹಂಪಕ್ಕನ ಕೈ ನೆಟ್ಟಗೆ ಒಂದು ತಿಳಿಬಣ್ಣದ ತುಂಡಿಗೆ ಹೋಯಿತು. “ಏನ್ರಿ, ಇದು ನಮ್ಮಪ್ಪನ ಬೇವಿನ ಹಲಗಿ ಬಣ್ಣನ ಐತಿ ನೋಡ್ರಿ!”

“ತಿಳಿಬಣ್ಣ ಎರಡು ಸಲ ತೊಳದ್ರ ಸತ್ತು ಹೋಗತೈತಿ,” ಎಂದ ಮಾಸ್ಟರ್. “ಕಡುಬಣ್ಣ ತಗಬೇಕು. ಬಣ್ಣದ ವಿಷ್ಯ ನಂಗ ಬಿಡು.”

ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ತುದಿಯನ್ನು ನಾಲಿಗೆಗೆ ತಾಕಿಸಿ ಒದ್ದೆ ಮಾಡಿ, ಕಡು ತೇಗದ ತುಂಡಿನ ಮೇಲೆ ಗಸಗಸ ತಿಕ್ಕತೊಡಗಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಮಾಸ್ಟರಿನ ಕ್ರಮ ಅದು. ಕರವಸ್ತ್ರ ಬೆಳ್ಳಗೇ ಉಳಿಯಿತು.

“ಪಾಸು!” ಎಂದು ಮಾಸ್ಟರ್ ತೀರ್ಪು ಕೊಟ್ಟ. “ಸ್ವಾಮಿ, ಇದು ಎಷ್ಟು ಕುಗ್ಗತೈತಿ?”

“ಕುಗ್ಗೋದಾ?” ಪಂಚಾಕ್ಷರಯ್ಯನ ವಿಭೂತಿಯಲ್ಲಿ ಒಂದು ಬಿರುಕು ಕಾಣಿಸಿತು. “ಇದ್ಯಾಕ ಕುಗ್ಗತೈತ್ರಿ?”

ಮಾಸ್ಟರ್ ನಕ್ಕ. ಮಾರುವವರು ಯಾವತ್ತಾದರೂ ಕುಗ್ಗುತ್ತದೆ ಎಂದು ಒಪ್ಪಿದ್ದುಂಟೇ? ಬಟ್ಟೆ ಮಿಲ್ಲಿನ ಏಜೆಂಟರೂ ಹೀಗೇ ಹೇಳುತ್ತಿದ್ದರು. ಅವರ ಮಾತು ನಂಬಿ ಒಮ್ಮೆ ನೆನೆಸದೆ ಕತ್ತರಿಸಿದ ಇನ್ನೂರು ಪ್ಯಾಂಟು ಒಗೆದ ಮೇಲೆ ಮೊಣಕಾಲಿಗೆ ಬಂದು ನಿಂತಿದ್ದವು! ಅಂದಿನಿಂದ ನೆನೆಸದೆ ಕತ್ತರಿ ಮುಟ್ಟುವುದಿಲ್ಲ ಎಂಬುದು ಅವನ ವ್ರತ.

ಅವನು ಇನ್ನೊಂದು ಗೋಡೆಯ ಕಡೆ ಹೋದಾಗ ಪಂಚಾಕ್ಷರಯ್ಯ ಹಂಪಕ್ಕನಿಗೆ ಮೆಲ್ಲಗೆ ಏನೋ ಹೇಳಿದ. ಅವಳು ತಲೆಯಾಡಿಸಿದಳು. ಬೇವಿನ ಬಣ್ಣದ ತುಂಡನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. “ಇಟ್ಗಳಮ್ಮ, ಮಾದರಿ ತುಂಡು ಅದು,” ಎಂದು ಅವನು ಅದನ್ನು ಅವಳಿಗೇ ಕೊಟ್ಟುಬಿಟ್ಟ. ಎರಡು ಗೇಣು ಉದ್ದ, ಒಂದು ಗೇಣು ಅಗಲ. ಹಂಪಕ್ಕ ಅದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಬಿಲ್ಲಾದದ್ದು ಕಡು ತೇಗಕ್ಕೆ, ಏಳು ಪೆಟ್ಟಿಗೆ.

ಬಸ್ಸಿನಲ್ಲಿ ಹಂಪಕ್ಕ, “ಏನ್ರಿ, ಆ ಸ್ವಾಮಿಗಳು ನೀರಿನ ವಿಷ್ಯ ಒಂದು…” ಎಂದಳು.

“ಬಾಟ್ಲಿ ಚೀಲದಾಗ ಐತಿ ನೋಡು, ಕುಡಿ,” ಎಂದು ಮಾಸ್ಟರ್ ಕಿಟಕಿಯ ಕಡೆ ತಿರುಗಿ, ಕೋಣೆಯ ಉದ್ದಗಲವನ್ನು ಇಂಚಿಗೆ ತಿರುಗಿಸುವುದರಲ್ಲಿ ಮುಳುಗಿದ.

ಮೂರು ದಿನಕ್ಕೆ ಪೆಟ್ಟಿಗೆಗಳು ಲಗೇಜ್ ಆಟೋದಲ್ಲಿ ಬಂದವು. ಇಳಿಸುತ್ತಿದ್ದ ಆಟೋದವನು ಒಂದು ಪೆಟ್ಟಿಗೆ ತಟ್ಟಿ, “ಇವೇಮಿ ಮಾಸ್ಟರ್, ತಲುಪುಲಾ?” ಎಂದು ತೆಲುಗಿನಲ್ಲಿ ಕೇಳಿದ, ಬಾಗಿಲುಗಳೋ ಎಂದು. “ಬಾಗಿಲಲ್ಲೋ, ನೆಲ!” ಎಂದ ಮಾಸ್ಟರ್, ಇಡೀ ಓಣಿಗೆ ಕೇಳುವಂತೆ. ಅಂಗಡಿಯ ಮೇಸ್ತ್ರಿ ಶನಿವಾರ ಬಂದು ಹಾಕಿಕೊಡುವುದೆಂದು ಮಾತಾಗಿತ್ತು. ಅದೇ ದಿನ, ಗುರುವಾರ, ಹಂಪಕ್ಕ ಬೆಳುಗುಪ್ಪದ ಅಕ್ಕನ ಮನೆಗೆ, ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆ ಹೊರಟಳು. ಹೊರಡುವ ಮುಂಚೆ ಚೌಡಕ್ಕ ಚಿನ್ನಕ್ಕರಿಗೆ ಹೇಳಿದಳು: “ಸೋಮವಾರ ನಾ ಬರತೀನಿ. ಚಾಪಿ ಗೀಪಿ ತರಬ್ಯಾಡ್ರೆ. ನಮ್ಮನಿ ನೆಲದ ಮ್ಯಾಲ ಹಂಗ ಕುಂದ್ರೂಣು.” ಇಬ್ಬರೂ ಆಗಲೇ ಮೊಣಕಾಲು ಸವರಿಕೊಂಡರು.

ಬಾಗಿಲಲ್ಲಿ ನಿಂತು ಗಂಡನಿಗೂ ಒಂದು ಮಾತು ಹೇಳಲು ನೋಡಿದಳು. “ಮೇಸ್ತ್ರಿ ಬರೋತನಕ ಅವನ್ನ ಮುಟ್ಟಬ್ಯಾಡ್ರಿ. ಮತ್ತ ಆ ನೀರು…”

“ನೀರು ಬಂದ್ರ ನಾನ ಹಿಡಿದಿಡ್ತೀನಿ ಹೋಗು! ಬಸ್ಸು ತಪ್ಪತೈತಿ. ನಿನ್ನ ಕೈಯಾಗ ದಾರ, ನನ್ನ ಕೈಯಾಗ ಕತ್ತರಿ. ನಿಂದು ನೀ ನೋಡ್ಕ.”

ಬಸ್ಸು ಹೋಯಿತು. ಮಾಸ್ಟರಿನ ತಲೆಯಲ್ಲಿ ಒಂದು ಭವ್ಯವಾದ ಯೋಜನೆ ಎದ್ದು ನಿಂತಿತು. ಹಂಪಕ್ಕ ಬರುವಷ್ಟರಲ್ಲಿ ನೆಲ ತಯಾರಾಗಿರಬೇಕು! ಅದೂ ಬಾಡಿಗೆ ಮೇಸ್ತ್ರಿಯ ಕೈಯಿಂದಲ್ಲ, ಗಂಡನ ಕೈಯಿಂದ! ಫೋನು ಮಾಡಿ ಮೇಸ್ತ್ರಿಯನ್ನು ಬೇಡವೆಂದ. ಪೆಟ್ಟಿಗೆ ಒಡೆದ.

ಒಳಗೆ ಹಲಗೆಗಳು ಹೊಸ ಬಟ್ಟೆಯಂತೆ ಹೊಳೆಯುತ್ತಿದ್ದವು. ಜೊತೆಗೆ ತೆಳ್ಳನೆಯ ಒಂದು ಹಾಳೆಯ ಸುರುಳಿ, ಹಲಗೆಯ ಕೆಳಗೆ ಹಾಸುವುದಕ್ಕೆ. “ನೆಲಕ್ಕೂ ಅಸ್ತರು! ಭಪ್ಪರೆ!” ಎಂದು ಮಾಸ್ಟರ್ ಮೆಚ್ಚಿಕೊಂಡ. ಒಂದು ಕಾಗದವೂ ಇತ್ತು. ಅಕ್ಷರವೆಲ್ಲ ಇಂಗ್ಲಿಷು, ಆದರೆ ಚಿತ್ರಗಳಿದ್ದವು. ಒಂದು ಚಿತ್ರದಲ್ಲಿ ನೀರು ಸುರಿಯುವ ನಲ್ಲಿ, ಅದರ ಮೇಲೆ ಕೆಂಪು ಅಡ್ಡಗೀಟು. ಮಾಸ್ಟರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ತಲೆದೂಗಿದ.

“ಎಂಥಾ ತಿಳುವಳಿಕಿ ಕಂಪನಿಯವ್ರದು! ನಲ್ಲಿ ನೀರು ಬ್ಯಾಡ ಅಂತ ಹೇಳ್ಯಾರ. ಮುನ್ಸಿಪಾಲ್ಟಿ ನೀರಿನ್ಯಾಗ ಬ್ಲೀಚಿಂಗ್ ಪುಡಿ ಇರತೈತಲ್ಲ, ಬಣ್ಣ ಕೀಳತೈತಿ.”

ಆದ್ದರಿಂದ ಬೋರಿನ ನೀರು ತರಿಸಿದ. ಹದಿನಾರು ಕೊಡ! ಹಿತ್ತಲಿನ ಸಿಮೆಂಟ್ ತೊಟ್ಟಿ ತುಂಬಿಸಿದ. ಬಣ್ಣ ಕಚ್ಚಿಕೊಂಡು ನಿಲ್ಲಲೆಂದು ನಾಲ್ಕು ಬೊಗಸೆ ಕಲ್ಲುಪ್ಪು ಹಾಕಿ ಕದಡಿದ. ಆಮೇಲೆ ಹೆಂಡತಿಯ ಆರು ವರ್ಷದ ದುಡಿಮೆಯನ್ನು ಒಂದೊಂದೇ ಹಲಗೆಯಾಗಿ, ತುಂಬ ಪ್ರೀತಿಯಿಂದ, ಆ ಉಪ್ಪುನೀರಿನಲ್ಲಿ ಮುಳುಗಿಸಿದ. ಹಲಗೆಗಳು ಮುಳುಗಲು ಒಪ್ಪದೆ ತೇಲಿ ತೇಲಿ ಮೇಲೆ ಬಂದವು. ಅವಕ್ಕಿದ್ದ ಬುದ್ಧಿಯೂ ಮಾಸ್ಟರಿಗಿರಲಿಲ್ಲ. “ಎಲ್ಲಿಗೆ ಬರತೀರಿ?” ಎಂದು ರುಬ್ಬುವ ಗುಂಡುಕಲ್ಲನ್ನು ತಂದು ಮೇಲೆ ಹೇರಿದ.

ಒಂದು ಹಗಲು, ಒಂದು ರಾತ್ರಿ ನೆನೆದವು. ಪದ್ಧತಿ ಎಂದರೆ ಪದ್ಧತಿ!

ಶುಕ್ರವಾರ ಸಂಜೆ ಯೂನಿಟ್ಟಿನ ಟೇಲರ್ ಮಾರೇಶನನ್ನು ಸಹಾಯಕ್ಕೆ ಕರೆದು ಹಲಗೆಗಳನ್ನು ಎತ್ತಿದರು. ನೆನೆಸುವ ಮುಂಚೆ ಅಳೆದು ಬರೆದಿಟ್ಟದ್ದು ನಲವತ್ತೆಂಟು ಇಂಚು. ಈಗ ಟೇಪು ಹಿಡಿದರೆ ನಲವತ್ತೆಂಟರ ಮೇಲೆ ಒಂದು ಕೂದಲೆಳೆ ಜಾಸ್ತಿ.

“ಟೇಪು ಕುಗ್ಗೈತಿ,” ಎಂದ ಮಾಸ್ಟರ್. “ಒದ್ದಿ ಕೈಯಾಗ ಹಿಡಿದ್ನಲ್ಲ, ಅದಕ್ಕ.”

ಮಾರೇಶ ಹಲಗೆಯನ್ನು ಅಂಚಿನಿಂದ ನೋಡಿದ. ಕಿರುಬೆರಳಿನ ದಪ್ಪವಿದ್ದದ್ದು ಹೆಬ್ಬೆರಳಿನ ದಪ್ಪವಾಗಿತ್ತು. “ಮಾಸ್ಟ್ರ, ಸಿಟ್ಟಾಗಬ್ಯಾಡ್ರಿ. ಇವು ಕುಗ್ಗಿಲ್ರಿ. ಬಸುರಾಗ್ಯಾವು.”

“ಒಣಗಿದ ಮ್ಯಾಲ ಇಳೀತಾವು, ಸುಮ್ಕಿರು!”

ಶನಿವಾರವಿಡೀ ಮಾಳಿಗೆಯ ಬಿಸಿಲಿನಲ್ಲಿ ಐವತ್ತಾರು ಹಲಗೆಗಳು ಸಾಲಾಗಿ ಒರಗಿ ನಿಂತವು. ಒಣಗಿದವು. ಇಳಿಯಲಿಲ್ಲ. ಉಬ್ಬು ಇಳಿಯದ್ದಲ್ಲದೆ ಮೈ ಬಾಗಿ ಕುಡುಗೋಲಿನಂತಾದವು. ಅಂಚಿನಲ್ಲಿ ಉಪ್ಪು ಬೆಳ್ಳಗೆ ಹೂ ಬಿಟ್ಟಿತ್ತು. ಓಣಿಯ ಆಡೊಂದು ಅದು ಹೇಗೋ ಮಾಳಿಗೆ ಹತ್ತಿ ಹಲಗೆಗಳನ್ನು ನೆಕ್ಕುತ್ತ ನಿಂತಿತ್ತು. ಇಡೀ ವಾರದಲ್ಲಿ ಆ ನೆಲದಿಂದ ಸುಖಪಟ್ಟ ಜೀವ ಅದೊಂದೇ.

ಮಾಸ್ಟರ್ ಆಡನ್ನು ಓಡಿಸಿ, ಬಾಗಿದ ಹಲಗೆಯೊಂದನ್ನು ಎತ್ತಿ ಹಿಡಿದು ನೋಡಿದ. ಆದರೆ ಮೂರು ಲಕ್ಷ ಪ್ಯಾಂಟು ಕತ್ತರಿಸಿದವನು ಅಷ್ಟಕ್ಕೇ ಸೋಲುತ್ತಾನೆಯೇ? ಸುಕ್ಕಾದ ಬಟ್ಟೆಗೆ ಏನು ಮಾಡುತ್ತಾರೆ? ಭಾನುವಾರ ಬೆಳಿಗ್ಗೆ ಯೂನಿಟ್ಟಿನ ದೊಡ್ಡ ಇಸ್ತ್ರಿ ಪೆಟ್ಟಿಗೆ ಮನೆಗೆ ಬಂತು! ಮೊದಲ ಹಲಗೆಯ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದ. ಟಸ್ಸ್ ಎಂದಿತು. ಬಟ್ಟೆ ಎತ್ತಿ ನೋಡಿದರೆ, ತೇಗದ ಮರ ಎಣ್ಣೆಗೆ ಬಿದ್ದ ಹಪ್ಪಳದಂತೆ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಮೇಲಿನ ಚಿತ್ರದ ಪದರ ಒಂದು ಕಡೆ ಸುರುಳಿ ಸುತ್ತಿಕೊಂಡು, ಅಡಿಯಿಂದ ನೆನೆದ ರವೆಯಂಥ ಪುಡಿ ಇಣುಕುತ್ತಿತ್ತು.

“ಮಾಸ್ಟ್ರ,” ಎಂದ ಮಾರೇಶ ಮೂಗು ಮುಚ್ಚಿಕೊಂಡು, “ಬಳ್ಳಾರಿಗೆ ಒಂದು ಫೋನು ಮಾಡಿ ಕೇಳೂಣೇನ್ರಿ?”

“ಕೇಳೋದಾ? ಯಾರನ್ನ? ಕತ್ತರಿಸೋದು ನಂಗ ಇನ್ನೊಬ್ಬ ಹೇಳ್ಕೊಡ್ಬೇಕಾ?”

ಆ ಕ್ಷಣ ಕೇಳಿದ್ದರೆ ಯೂನಿಟ್ಟಿನ ಬ್ಲೇಡಾದರೂ ಬದುಕುತ್ತಿತ್ತು. ಇದನ್ನು ಮಾಸ್ಟರ್ ಆಮೇಲೆ ನೂರು ಸಲ ನೆನೆದ. ಆದರೆ ಅವತ್ತು ಮಾಡಿದ್ದು ಬೇರೆ. ಉಬ್ಬಿದ ಅಂಚುಗಳು ಒಂದಕ್ಕೊಂದು ಕೂಡದ್ದರಿಂದ, ಅಂಚನ್ನೇ ಸವರಿಬಿಡೋಣವೆಂದು ಎಂಬತ್ತು ಪದರ ಜೀನ್ಸನ್ನು ಬೆಣ್ಣೆಯಂತೆ ಸೀಳುವ ಯೂನಿಟ್ಟಿನ ಕಟಿಂಗ್ ಮಿಷನ್ನಿಗೆ ಹಲಗೆ ಕೊಟ್ಟ. ಮಿಷನ್ನು ಒಮ್ಮೆ ಕಿರುಚಿತು. ಬ್ಲೇಡು ಎರಡು ತುಂಡಾಗಿ ಒಂದು ಗೋಡೆಗೆ, ಇನ್ನೊಂದು ಗೋಡೆಯ ಮೇಲಿದ್ದ ಕ್ಯಾಲೆಂಡರಿಗೆ ಹೋಗಿ ನಾಟಿತು. ನಾಟಿದ್ದು ಎಲ್ಲಿಗೆ ಅಂದರೆ ಸೋಮವಾರಕ್ಕೆ!

ಇನ್ನುಳಿದದ್ದು ಒನಕೆ. ಭಾನುವಾರ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಅಸ್ತರು ಹಾಸಿ, ಹಲಗೆ ಇಟ್ಟು, ಒನಕೆಯಿಂದ ಕುಟ್ಟಿ ಕುಟ್ಟಿ ಕೂಡಿಸಿದರು. ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು. ಎದ್ದದ್ದನ್ನು ಕುಟ್ಟಿದರೆ ಮೂರನೆಯದು ಬಾಯಿ ಬಿಟ್ಟಿತು. ಕೊನೆಗೆ ಇಬ್ಬರೂ ಬೆವರು ಒರೆಸಿಕೊಂಡು ನೋಡಿದಾಗ ಕೋಣೆ ಆಗ ತಾನೇ ರಂಟೆ ಹೊಡೆದ ಹೊಲದ ಹಾಗಿತ್ತು.

“ಇರ್ಲಿ ಬಿಡ್ರಿ ಮಾಸ್ಟ್ರ,” ಎಂದು ಮಾರೇಶ ಸಮಾಧಾನ ಹೇಳಿದ. “ಈಗಿನ ಕಾಲದಾಗ ಹರಿದಿರೋ ಪ್ಯಾಂಟಿಗೇ ರೇಟು ಜಾಸ್ತಿ.”

ಮಾಸ್ಟರ್ ನಗಲಿಲ್ಲ. ಅಟ್ಟದಿಂದ ಅಪ್ಪನ ಕಾಲದ ದೊಡ್ಡ ಕಂಬಳಿ ಇಳಿಸಿ ಎಲ್ಲದರ ಮೇಲೂ ಹಾಸಿದ.

ಸೋಮವಾರ ಬೆಳಿಗ್ಗೆ ಹಂಪಕ್ಕ ಬಂದಳು. ಬಸ್ ನಿಲ್ದಾಣದಿಂದಲೇ ಚೌಡಕ್ಕ, ಚಿನ್ನಕ್ಕ ಜೊತೆಯಾಗಿದ್ದರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದರು, ಹೊಸ ನೆಲದ ಮೇಲೆ ಕೂತು ತಿನ್ನಲು.

“ಹಾಕಿಬಿಟ್ರಾ?” ಹಂಪಕ್ಕನ ಮುಖ ಅರಳಿತು. “ಮೇಸ್ತ್ರಿ ಬಂದಿದ್ನಾ?”

“ನಾನ ಹಾಕೀನಿ,” ಎಂದ ಮಾಸ್ಟರ್. ಇಪ್ಪತ್ತು ಮಿಷನ್ನು ತಗ್ಗಿಸುವ ಗಂಟಲಿನಿಂದ ಬಂದದ್ದು ಇಲಿಯ ದನಿ.

“ಮತ್ತ ಕಂಬಳಿ ಯಾಕ್ರಿ?”

“ಅದು… ಹೊಸದು ನೋಡು… ದೃಷ್ಟಿ ಆಗಬಾರದು ಅಂತ.”

ಚೌಡಕ್ಕ ಮೈಕೈ ತುಂಬಿದ ಹೆಂಗಸು. ಗೋಡೆಯ ಪಕ್ಕ ಸಂಭ್ರಮದಿಂದ ಕೂತಳು. ಆ ಕಡೆ ಕೂತದ್ದೇ ತಡ, ಈ ಕಡೆ ಕಂಬಳಿಯೊಳಗೆ ಏನೋ ಎದ್ದು ಮಂಡಕ್ಕಿಯ ತಟ್ಟೆ ಚಂಗನೆ ಹಾರಿತು. “ಅವ್ವಾ! ಹಾವು!” ಎಂದು ಚಿನ್ನಕ್ಕ ಹಿಂದಕ್ಕೆ ಕುಪ್ಪಳಿಸಿ ಇನ್ನೊಂದು ಮೂಲೆಯಲ್ಲಿ ಬಿದ್ದಳು. ಅವಳು ಬಿದ್ದ ರಭಸಕ್ಕೆ ಚೌಡಕ್ಕ ಮೇಲಕ್ಕೆ ಎದ್ದಳು! ಚೌಡಕ್ಕ ಕೆಳಗಿಳಿದರೆ ಚಿನ್ನಕ್ಕ ಮೇಲೆ. ಮಂಡಕ್ಕಿ ಮಳೆಯಂತೆ ಉದುರಿತು. ಬಜ್ಜಿಯೊಂದು ಉರುಳಿಕೊಂಡು ಹೋಗಿ ಮಾಸ್ಟರಿನ ಕಾಲ ಬಳಿ ನಿಂತಿತು.

“ಏನಲೇ ಹಂಪಿ, ಉಯ್ಯಾಲಿ ಹಾಕ್ಸೀಯಾ, ನೆಲ ಹಾಕ್ಸೀಯಾ?” ಎಂದು ಚೌಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಹಂಪಕ್ಕನ ಮುಖ ನೋಡಿ ನಗು ನಿಲ್ಲಿಸಿದಳು.

ಹಂಪಕ್ಕ ಕಂಬಳಿಯ ಅಂಚು ಹಿಡಿದು ಮೆಲ್ಲಗೆ ಮಡಚಿದಳು. ಬಗ್ಗಿ, ಸೀರೆ ಅಂಗಡಿಯಲ್ಲಿ ಸವರಿದ ಹಾಗೆಯೇ ಅಂಗೈಯಿಂದ ಸವರಿದಳು. ಅಂಗೈಗೆ ಒಂದು ಕಂದು ಸಿಪ್ಪೆ, ಸ್ವಲ್ಪ ಉಪ್ಪು ಅಂಟಿಕೊಂಡು ಬಂತು. ಉಪ್ಪನ್ನು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಮಾಸ್ಟರಿನ ಜೊತೆ ಇಷ್ಟು ವರ್ಷ ಬಾಳಿದವಳು, ಅರ್ಥವಾಗದೆ ಇರುತ್ತದೆಯೇ?

“ನೆನೆಸಿದ್ರಾ?”

ಮಾಸ್ಟರ್ ತಲೆ ತಗ್ಗಿಸಿದ. “ಕುಗ್ಗಿ ಹೋದ್ರ ಕಷ್ಟ ಅಂತ…”

“ಒಂದು ಹನಿ ನೀರು ನಿಂದ್ರಬಾರದು ಅಂತ ಆ ಸ್ವಾಮಿಗಳು ಅವತ್ತ ಹೇಳಿದ್ರು.”

“ಮತ್ತ ನಂಗ ಹೇಳಬಾರದಾಗಿತ್ತಾ!”

“ಬಸ್ಸಿನ್ಯಾಗ ಹೇಳಿದೆ. ಬಾಗಿಲಾಗ ಹೇಳಿದೆ. ಬಾಯಿ ತಗದಾಗೆಲ್ಲ ನೀವು ಕತ್ತರಿ ಹಾಕಿದ್ರಿ.”

ಅವಳು ಬೈದಿದ್ದರೆ ಮಾಸ್ಟರ್ ತಿರುಗಿ ಬೈಯುತ್ತಿದ್ದ, ಜಗಳವಾಗುತ್ತಿತ್ತು, ಜಗಳದಲ್ಲಿ ಅರ್ಧ ತಪ್ಪು ಕರಗಿ ಹೋಗುತ್ತಿತ್ತು. ಹಂಪಕ್ಕ ಬೈಯಲೇ ಇಲ್ಲ. ಸಂಜೆಗೆ ಗಂಟು ಹಿಂತಿರುಗಿಸಬೇಕಿತ್ತು. ಮೂವರು ಹೆಂಗಸರೂ ಸೇರಿ ಹಲಗೆಗಳನ್ನು ಎತ್ತಿ ಹಿತ್ತಲಿಗೆ ಹಾಕಿದರು. ಅಸ್ತರೂ ಕಿತ್ತುಹೋಗಿತ್ತು. ಹಳೆಯ ಕರಿಬಂಡೆ ಅದೇ ಮುಖ ಹೊತ್ತು ಕಾಣಿಸಿಕೊಂಡಿತು. ಹಂಪಕ್ಕ ಚೀಲದಿಂದ ಬೇವಿನ ಬಣ್ಣದ ಆ ಮಾದರಿ ತುಂಡು ತೆಗೆದು, ಬಂಡೆಯ ಮೇಲಿಟ್ಟು, ಅದರ ಮೇಲೆ ಕೂತಳು. ಅವಳಿಗೆ ಸರಿಯಾಗುವಷ್ಟು ಮಾತ್ರ ಇತ್ತು. ಚೌಡಕ್ಕ ಚಿನ್ನಕ್ಕರು ಚಾಪೆ ತರಲು ಮನೆಗೆ ಹೋದರು. 

ಮಾಸ್ಟರ್ ಒಂದು ಮಾತೂ ಆಡಲಿಲ್ಲ. ಹೆಸರಿಟ್ಟವರು ಇದ್ದಿದ್ದರೆ ಅವತ್ತು ಸಂತೋಷಪಡುತ್ತಿದ್ದರು.

ಮರುದಿನ ಬಳ್ಳಾರಿಗೆ ಹೋದ. ಉಬ್ಬಿದ ಹಲಗೆಯೊಂದನ್ನು ಪಂಚಾಕ್ಷರಯ್ಯನ ಮುಂದಿಟ್ಟ.

“ನೀರಿನ್ಯಾಗ ಬಿತ್ತೇನ್ರಿ?”

“ಬೀಳ್ಲಿಲ್ರಿ. ನೆನೆಸಿದೆ.”

“ನೆನೆಸಿದ್ರಾ? ಹಲಗೀನ? ಎಷ್ಟು?”

“ಎಲ್ಲಾವೂ.”

ಪಂಚಾಕ್ಷರಯ್ಯ ಹಲಗೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದ. “ಇದೇನ್ರಿ ಬೆಳ್ಳಗ?”

“ಉಪ್ಪು. ಬಣ್ಣ ನಿಲ್ಲಲಿ ಅಂತ.”

“ಶಿವನೇ! ಹಿಂಗಾದ್ರ ನೆಲ ಆಗಂಗಿಲ್ರಿ ಮಾಸ್ಟ್ರೇ, ಉಪ್ಪಿನಕಾಯಿ ಆಗತೈತಿ!” ಎಂದು ನಕ್ಕ. ಮಾಸ್ಟರಿನ ಮುಖ ನೋಡಿ ವಿಭೂತಿ ಸರಿಮಾಡಿಕೊಂಡ. “ಇದನ್ನ ವಾಪಸ್ ತಗಳ್ಳಾಕ ಬರಂಗಿಲ್ರಿ. ಹೊಸದು ಬೇಕಂದ್ರ, ಆ ಬೇವಿನ ಬಣ್ಣದ್ದು ಇನ್ನೂ ಐತಿ. ಅವ್ವ ಅವತ್ತ ಅದನ್ನ ಆರಿಸಿದ್ರಲ್ಲ. ಅದು ನೀರಿಗೆ ಸ್ವಲ್ಪ ತಡೀತೈತಿ. ನೀವು ಹಿಡಿದಿದ್ದ ಕರವಸ್ತ್ರ ಬಿಟ್ಟು ಒಂದು ಮಾತು ಕೇಳಿದ್ರ ಹೇಳ್ತಿದ್ದೆ.”

ಮಾಸ್ಟರ್ ಗೋಡೆಯ ಬಳಿಗೆ ಹೋಗಿ ಆ ಬಣ್ಣವನ್ನು ಮೊದಲ ಸಲ ನೋಡಿದ. ಭೈರವಾನಿತಿಪ್ಪದ ಜಗಲಿ ಅವನಿಗೂ ಗೊತ್ತಿತ್ತು. ಹೆಣ್ಣು ನೋಡಲು ಹೋದಾಗ ಮಾವ ಅವನನ್ನು ಕೂರಿಸಿದ್ದು ಆ ಹಲಗೆಯ ಮೇಲೆಯೇ.

ಒಡೆದ ಬ್ಲೇಡಿನ ದುಡ್ಡನ್ನು ಮಾಸ್ಟರಿನ ಪಗಾರದಲ್ಲಿ ಹಿಡಿದರು. ಹೊಸ ನೆಲಕ್ಕೆ ಬೇರೆ ದಾರಿ ಹುಡುಕಬೇಕಿತ್ತು. ಆ ವಾರದ ಕೊನೆಗೆ, ಯೂನಿಟ್ಟಿನಲ್ಲಿ ಕೆಲಸ ಮುಗಿದ ಮೇಲೆ ಮಾಸ್ಟರ್ ಎರಡು ಗಂಟು ಪ್ಯಾಂಟು ಹೆಗಲ ಮೇಲೆ ಹೊತ್ತು ಮನೆಗೆ ಬಂದ. ಒಂದು ಹಂಪಕ್ಕನ ಮುಂದಿಟ್ಟ. ಇನ್ನೊಂದು ಬಿಚ್ಚಿಕೊಂಡು ತಾನೇ ಎದುರಿಗೆ ಕೂತ.

“ಇದೇನ್ರಿ?”

“ದಾರ ಕತ್ತರಿಸ್ತೀನಿ. ದಿನಾ ಸಂಜಿಗೆ. ಬೇವಿನ ಬಣ್ಣದ ನೆಲ ಬರೋತನಕ.”

ಹಂಪಕ್ಕ ಸಣ್ಣ ಕತ್ತರಿಯೊಂದನ್ನು ಅವನ ಕಡೆ ಸರಿಸಿದಳು. ಮಾಸ್ಟರಿನ ದೊಡ್ಡ ಬೆರಳು ಅದರ ಉಂಗುರದೊಳಗೆ ಹೋಗಲು ತಿಣುಕಿತು. ಮೂರು ಲಕ್ಷ ಪ್ಯಾಂಟು ಕತ್ತರಿಸಿದ ಕೈಗೆ ಒಂದು ಪ್ಯಾಂಟಿನ ದಾರ ತೆಗೆಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಮುಗಿಸಿದ್ದನ್ನು ಹಂಪಕ್ಕ ಎತ್ತಿ, ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ಅವನ ಮಡಿಲಿಗೇ ಎಸೆದಳು.

“ಮಾಸ್ಟ್ರೇ, ಜೇಬಿನ ಮೂಲ್ಯಾಗ ಎರಡು ದಾರ ಉಳಿದಾವು.”

ಅವನು ಜೇಬಿನ ಮೂಲೆ ಹುಡುಕಿದ. ಹೊರಗೆ ಹೊತ್ತು ಮುಳುಗುತ್ತಿತ್ತು. ಇಪ್ಪತ್ತೆರಡು ವರ್ಷ ಟೇಬಲ್ಲಿನ ಮುಂದೆ ನಿಂತ ಮನುಷ್ಯ ಈ ಕೋಣೆಯ ನೆಲದ ಮೇಲೆ ಇಷ್ಟು ಹೊತ್ತು ಕೂತದ್ದು ಇದೇ ಮೊದಲು. ಊಟಕ್ಕೆ ಅವನ ಮಣೆ ಬೇರೆ, ಮಲಗಲು ಮಂಚ ಬೇರೆ. ಬಂಡೆಯಿಂದ ಚಳಿ ಮೆಲ್ಲಗೆ ಹೊರಟು, ಪಂಚೆಯನ್ನು ದಾಟಿ, ಮೂಳೆ ಹುಡುಕಿಕೊಂಡು ಮೊಣಕಾಲಿಗೆ ಬಂದು ಕೂತಿತು. ಮಾಸ್ಟರ್ ಕಾಲು ಮಡಚಿದ. ಬಿಚ್ಚಿದ. ಪಕ್ಕಕ್ಕೆ ವಾಲಿದ. ಎಲ್ಲಿ ವಾಲಿದರೂ ಬಂಡೆ ಅಲ್ಲೇ ಇತ್ತು. ಪ್ಯಾಂಟು ಕೈಯಲ್ಲೇ ಉಳಿಯಿತು. ಎದುರಿಗೆ ಹಂಪಕ್ಕನ ಕತ್ತರಿ ಕಚಕ್ ಕಚಕ್ ಎಂದು ಒಂದೇ ಸಮನೆ ನಡೆದಿತ್ತು.

ಕೊನೆಗೆ ಅವನು ಸಣ್ಣ ದನಿಯಲ್ಲಿ ಕೇಳಿದ.

“ಹಂಪೀ… ಈ ಬಂಡಿ ಯಾವಾಗ್ಲೂ ಇಷ್ಟು ತಣ್ಣಗ ಇರತೈತಾ?”

ಹಂಪಕ್ಕ ದಾರದಿಂದ ಕಣ್ಣೆತ್ತಲಿಲ್ಲ.

“ಉಪ್ಪು ಹಾಕಿ ಒಂದಿನ ನೆನೆಸಿ ನೋಡ್ರಿ. ಬೆಚ್ಚಗಾದ್ರೂ ಆದೀತು.”